ಅಕ್ಕಿ ಎಂದರೆ ಬರೀ ಅಕ್ಕಿ

ನೈಜೀರಿಯಾದ ಲಾಗೋಸಿಗೆ ಬಂದ ಮೂರನೆಯ ದಿನ ನನ್ನ ಮೈಮೇಲೆ ಅಕ್ಕಿ ಬಿತ್ತು. ಗೇಟಿನ ಹತ್ತಿರ ಕುಡಿಯುವ ನೀರಿನ ಕ್ಯಾನು ಇಳಿಸಿಕೊಳ್ಳುತ್ತ ನಿಂತಿದ್ದೆ. ಹಾಡು ಹಚ್ಚಿಕೊಂಡು, ಧ್ವಜ ಕಟ್ಟಿಕೊಂಡು ಒಂದು ಲಾರಿ ಬಂತು. ಮೇಲೆ ನಿಂತಿದ್ದವನು ನನ್ನ ಕಡೆ ನೋಡದೆಯೇ ಒಂದು ಪೊಟ್ಟಣ ಎಸೆದ. ಹಿಡಿಯದಿದ್ದರೆ ಕಾಲ ಮೇಲೆ ಬೀಳುತ್ತಿತ್ತು, ಅದಕ್ಕೆ ಹಿಡಿದೆ. ಎರಡು ಕಿಲೋದಷ್ಟು ಅಕ್ಕಿ. ಪೊಟ್ಟಣದ ಮೇಲೆ ನೀಲಿ ಟೊಪ್ಪಿಗೆಯ ದಪ್ಪ ಮನುಷ್ಯನೊಬ್ಬ ನಗುತ್ತಿದ್ದ. ನಾನು ಅಭ್ಯಾಸಬಲದಿಂದ ಥ್ಯಾಂಕ್ಯೂ ಎಂದೆ. ಲಾರಿ ಆಗಲೇ ಮುಂದಿನ ಗೇಟಿಗೆ ಹೋಗಿತ್ತು.

ಪಕ್ಕದಲ್ಲಿ ಯಾರೋ ನಕ್ಕರು. ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡ, ನನ್ನದೇ ವಯಸ್ಸಿನ ಹೆಂಗಸು. ಆಕೆಯ ಕೈಯಲ್ಲೂ ಅದೇ ಪೊಟ್ಟಣ.

"ಅವರಿಗೆ ಥ್ಯಾಂಕ್ಸ್ ಹೇಳಿದ್ರೀ? ಈ ರಸ್ತಾದಾಗ ಇದು ಮೊದಲನೇ ಸಲ ನೋಡ್ರಿ," ಎಂದಳು. "ಅಕ್ಕಿ ಉಣ್ರಿ, ಮೇಡಂ. ಮಾರಿ ಉಣಬ್ಯಾಡ್ರಿ. ಎಷ್ಟ ಕುದಿಸಿದ್ರೂ ಮಾರಿ ಬೇಯಂಗಿಲ್ಲ," ಎಂದು ಪೊಟ್ಟಣದ ಮೇಲಿನ ಮುಖಕ್ಕೆ ಬೆರಳು ತೋರಿಸಿದಳು.

ಆಕೆ ನಮ್ಮ ಮೇಲಿನ ಮನೆಯ ಬುಕೋಲಾ; ಆಡಿದ್ದು ಇಂಗ್ಲಿಷು, ಅದರಲ್ಲೂ ಲಾಗೋಸಿನ ಬೀದಿಯ ಇಂಗ್ಲಿಷು. ಆದರೆ ಬುಕೋಲಾಳ ಮಾತು ನನ್ನ ಕಿವಿಗೆ ಅವತ್ತಿನಿಂದಲೂ ಬೈಲಹೊಂಗಲದ ಮಾತಾಗಿಯೇ ಬೀಳುತ್ತದೆ. ಹಾಗೆ ಕೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

ಸಂಜೆ ನಮ್ಮವರು ಕಾರ್ಖಾನೆಯಿಂದ ಬಂದು ಆ ಪೊಟ್ಟಣವನ್ನು ತಿರುಗಿಸಿ ಅಂಚಿನ ಹೊಲಿಗೆ ನೋಡಿದರು. "ಇದು ನಮ್ಮಲ್ಲೇ ಆಗಿದ್ದು," ಎಂದರು. ಅವರದು ಪ್ಲಾಸ್ಟಿಕ್ ಚೀಲ ನೇಯ್ದು ಅಚ್ಚು ಹಾಕುವ ಕಾರ್ಖಾನೆ. ಚುನಾವಣೆ ಹತ್ತಿರ ಬಂದಿತ್ತು, ಎಲ್ಲ ಪಕ್ಷದ ಮುಖಗಳೂ ಅಲ್ಲಿಯೇ ಅಚ್ಚಾಗುತ್ತಿದ್ದವು. ಹಿಂದಿನ ವಾರ ಒಬ್ಬರ ಹಲ್ಲು ಹಳದಿ ಬಂತೆಂದು ಇಡೀ ಲೋಡು ವಾಪಸಾಗಿತ್ತಂತೆ. ನಾನು ಅಕ್ಕಿಯನ್ನು ಡಬ್ಬಿಗೆ ಸುರಿದು, ಖಾಲಿ ಚೀಲವನ್ನು ತೊಳೆದು ಒಣಗಿಸಿ, ಅಡುಗೆಮನೆಯ ಕಪಾಟಿನ ತಳಕ್ಕೆ ಹಾಸಿದೆ. ಮುಖ ಕೆಳಗೆ ಮಾಡಿ.

ನನ್ನ ತವರು ಬೈಲಹೊಂಗಲ, ಅವ್ವನ ತವರು ಮುರಗೋಡ. ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದು. ಮದುವೆಯಾದ ಮೇಲೆ ಬಹಳ ವರ್ಷ ಗುಜರಾತದ ವಾಪಿಯಲ್ಲಿ ಇದ್ದೆವು. ಅಲ್ಲಿಂದ ನಮ್ಮವರನ್ನು ಇಲ್ಲಿಗೆ ಕಳಿಸಿದರು. ಸಿಸ್ಟರುಗಳು ಕಲಿಸಿದ ಇಂಗ್ಲಿಷು ಇದೆಯಲ್ಲ, ಎಲ್ಲಿ ಹೋದರೂ ನಡೆದೀತು ಎಂಬ ಧೈರ್ಯದಲ್ಲಿ ಬಂದವಳು ನಾನು. ಇಲ್ಲಿ ಅದು ಇಸ್ತ್ರಿ ಮಾಡಿದ ಸೀರೆಯುಟ್ಟು ಗದ್ದೆಗೆ ಇಳಿದ ಹಾಗಾಯಿತು. ಕಾಯಿಪಲ್ಲೆ ಮಾರುವಾಕೆಗೆ ಪೂರ್ತಿ ವಾಕ್ಯ ಹೇಳಿದರೆ ಆಕೆ ಪಕ್ಕದವಳನ್ನು ಕರೆದು, ಇನ್ನೊಮ್ಮೆ ಹೇಳು ಎನ್ನುತ್ತಿದ್ದಳು. ನನ್ನನ್ನು ಎಲ್ಲರೂ ಒಯಿಂಬೊ ಎಂದರು. ಬಿಳಿಯರಿಗೆ ಅನ್ನುವ ಮಾತು ಅದು. ಊರಲ್ಲಿ ಕಪ್ಪು ಹುಡುಗಿ ಎನ್ನಿಸಿಕೊಂಡು ಬೆಳೆದವಳಿಗೆ ಈ ಬಡ್ತಿ ಯಾವ ಲೆಕ್ಕದಲ್ಲಿ ಸಿಕ್ಕಿತೋ ತಿಳಿಯಲಿಲ್ಲ.

ಎತ್ತರದ ಗೋಡೆಯ ಒಂದು ಕಂಪೌಂಡು, ಒಳಗೆ ಆರು ಮನೆ. ಗೇಟು ಕಾಯುವವರ ಹೆಸರು ಸಂಡೆ, ಭಾನುವಾರ ಹುಟ್ಟಿದವರು. ನಮ್ಮಲ್ಲಿ ಸೋಮಪ್ಪ, ಮಂಗಳವ್ವ ಇದ್ದ ಹಾಗೆ. ಭಾನುವಾರವೂ ಅವರಿಗೆ ರಜೆ ಇಲ್ಲ. ಕರೆಂಟು ಬಂದರೆ ಆರೂ ಮನೆಯವರು ಒಟ್ಟಿಗೆ ಹೋ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಯಾರಿಗೋ ಏನೋ ಆಯಿತೆಂದು ಬರಿಗಾಲಲ್ಲಿ ಹೊರಗೆ ಓಡಿದ್ದೆ. ಎರಡು ತಿಂಗಳಾದ ಮೇಲೆ ನಾನೂ ಹಿಟ್ಟಿನ ಕೈ ಮೇಲೆತ್ತಿ ಹೋ ಎನ್ನತೊಡಗಿದೆ. ಊರಲ್ಲೂ ಕರೆಂಟು ಹೋಗುತ್ತದೆ, ಬರುತ್ತದೆ. ನಾವು ಹೋದಾಗ ಬೈಯುತ್ತೇವೆ, ಇವರು ಬಂದಾಗ ಹಾಡುತ್ತಾರೆ.

ನನ್ನ ಮೊದಲ ಗೆಲುವು ಜೋಳ. ದೊಡ್ಡ ಮಾರ್ಕೆಟ್ಟಿನಲ್ಲಿ ಉತ್ತರದ ಸೀಮೆಯಿಂದ ಬಂದ ಮುದುಕರೊಬ್ಬರ ಅಂಗಡಿಯ ಮುಂದೆ, ಬಾಯಿ ಬಿಚ್ಚಿದ ಚೀಲದಲ್ಲಿ ಬಿಳಿಜೋಳ ಕಂಡಿತು. ಇಲ್ಲಿ ಅದಕ್ಕೆ ಗಿನಿ ಕಾರ್ನ್ ಎನ್ನುತ್ತಾರೆ. ಕೈ ಹಾಕಿ ಒಂದು ಹಿಡಿ ಎತ್ತಿದೆ, ನಮ್ಮ ಸೀಮೆಯ ಸಾಲಹಳ್ಳಿ ಜೋಳಕ್ಕಿಂತ ಕಾಳು ಸ್ವಲ್ಪ ಸಣ್ಣ. ಮುದುಕರು ನನ್ನ ಮುಖ ನೋಡಿ ಏನು ತಿಳಿದರೋ, ಅಳತೆಯ ಮೇಲೆ ಒಂದು ಹಿಡಿ ಹೆಚ್ಚು ಹಾಕಿದರು. ಮರುದಿನ ರೊಟ್ಟಿ ಬಡಿಯುತ್ತಿದ್ದೆ. ಮೇಲಿನ ಮನೆಯ ಬುಕೋಲಾ ಇಳಿದು ಬಂದು ಬಾಗಿಲಲ್ಲಿ ನಿಂತಳು.

"ಮ್ಯಾಲಿನ ತನಕಾ ಕೇಳಾಕತ್ತೈತಿ. ಯಾರನ್ನ ಹೊಡ್ಯಾಕತ್ತೀರಿ?"

"ಯಾರೂ ಇಲ್ಲ, ರೊಟ್ಟಿ."

"ನಾ ನಿಮ್ಮ ಮನಿಯವರನ್ನ ಅಂತ ತಿಳದು, ಮುಗೀಲಿ ಅಂತ ಸ್ವಲ್ಪ ತಡದು ಬಂದೆ."

ಅವತ್ತು ಶೇಂಗಾ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದಳು. ಮೂರನೆಯದನ್ನು ಗಂಡನಿಗೆಂದು ಕಟ್ಟಿಸಿಕೊಂಡು ಮೆಟ್ಟಿಲ ಮೇಲೆಯೇ ಮುರಿದು ಬಾಯಿಗೆ ಹಾಕಿಕೊಂಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಬುಕೋಲಾ ಶಾಲೆಯ ಟೀಚರು. ಅದಕ್ಕಿಂತ ಹೆಚ್ಚು ಜನಕ್ಕೆ ಗೊತ್ತಿದ್ದದ್ದು ಫೋನಿನಲ್ಲಿ ಬರೆಯುವ ಬುಕೋಲಾ. ದಿನಕ್ಕೊಂದು ಪೋಸ್ಟ್ ಹಾಕುತ್ತಿದ್ದಳು, ನಾಲ್ಕೈದು ಸಾಲು, ಸರ್ಕಾರ, ಬಸ್ಸು, ನೆಂಟರು, ಯಾವುದನ್ನೂ ಬಿಡದೆ. ಸಾವಿರಾರು ಜನ ಓದಿ ನಗುತ್ತಿದ್ದರು. ಬೆಳಿಗ್ಗೆ ನಮ್ಮವರು ಹೋದ ಮೇಲೆ ಚಹಾ ಹಿಡಿದುಕೊಂಡು ಕೂತು ಅವನ್ನು ಓದುವುದು ನನ್ನ ಪಾಲಿಗೆ ಪೇಪರು ಓದಿದ ಹಾಗೆ. ಈ ದೇಶವನ್ನು ನಾನು ಅಲ್ಲಿಂದಲೇ ಕಲಿತೆ.

ಕರೆಂಟಿನ ಬಗ್ಗೆ ಬರೆದಿದ್ದಳು: ನಮ್ಮ ಮನೆಗೆ ಕರೆಂಟು ಅಳಿಯನ ಹಾಗೆ ಬರುತ್ತದೆ. ಹೇಳಿ ಬರುವುದಿಲ್ಲ. ಬಂದ ಕೂಡಲೇ ಎಲ್ಲರೂ ಎದ್ದು ಓಡಾಡಬೇಕು. ಕುಕ್ಕರು ಇಡುವಷ್ಟರಲ್ಲಿ ಹೊರಟು ನಿಂತಿರುತ್ತದೆ.

ಒಬ್ಬ ಜನಪ್ರತಿನಿಧಿಯ ಬಗ್ಗೆ: ನಮ್ಮ ಓಣಿಯ ಕೊಳವೆಬಾವಿಯನ್ನು ಇವರು ಮೂರು ಸಲ ಉದ್ಘಾಟಿಸಿದ್ದಾರೆ. ಬ್ಯಾಂಡು ಬಂದಿತ್ತು, ಪಾದ್ರಿಗಳು ಬಂದಿದ್ದರು, ಇಮಾಮರು ಬಂದಿದ್ದರು. ನೀರಿಗೆ ಮಾತ್ರ ಮೂರೂ ಸಲ ಬೇರೆ ಕೆಲಸವಿತ್ತು.

ಪೆಟ್ರೋಲ್ ಸರದಿಯ ಬಗ್ಗೆ: ನನ್ನ ಮುಂದಿನ ಕಾರಿನ ಹುಡುಗಿಗೂ ಹಿಂದಿನ ಕಾರಿನ ಹುಡುಗನಿಗೂ ಇಲ್ಲೇ ಪರಿಚಯವಾಯಿತು, ಇಲ್ಲೇ ಮಾತಾಯಿತು, ಮದುವೆಗೆ ಎಲ್ಲರೂ ಉಡುವ ಬಟ್ಟೆಯ ಬಣ್ಣವೂ ನಿಶ್ಚಯವಾಯಿತು. ಪಂಪು ಇನ್ನೂ ಕಾಣುತ್ತಿಲ್ಲ.

ಇಲ್ಲಿ ಸಮಾರಂಭಕ್ಕೆ ಬೇಕಾದವರೆಲ್ಲ ಒಂದೇ ಬಟ್ಟೆ ಕೊಂಡು ಹೊಲಿಸಿ ಉಡುತ್ತಾರೆ. ಅದಕ್ಕೆ ಅಶೊ ಎಬಿ ಎಂದು ಹೆಸರು, ಮನೆಯವರ ಬಟ್ಟೆ ಎಂದರ್ಥ. ಅದನ್ನೂ ಆಕೆಯೇ ಹೇಳಿಕೊಟ್ಟದ್ದು. ವಹಾಲಾ ಎಂಬ ಮಾತನ್ನೂ. ವಹಾಲಾ ಎಂದರೆ ನಮ್ಮ ರಗಳೆ. ನೀರು ಬರದಿದ್ದರೂ ವಹಾಲಾ, ನೆಂಟರು ಬಂದರೂ ವಹಾಲಾ.

ಒಮ್ಮೊಮ್ಮೆ ನನ್ನ ಅಡುಗೆಮನೆಯಲ್ಲಿ ಆಡಿದ ಮಾತು ಮಾರನೆಯ ದಿನ ಆಕೆಯ ಪೋಸ್ಟಿನಲ್ಲಿ ಇರುತ್ತಿತ್ತು. ನಮ್ಮ ಊರಿನ ರಸ್ತೆಗೆ ಚುನಾವಣೆಯ ಮುಂದೆ ಡಾಂಬರು ಬೀಳುತ್ತದೆ, ಫಲಿತಾಂಶ ಬರುವಷ್ಟರಲ್ಲಿ ಕಿತ್ತಿರುತ್ತದೆ ಎಂದಿದ್ದೆ. ಅದನ್ನು ಆಕೆ ಲಾಗೋಸಿನ ರಸ್ತೆ ಮಾಡಿ ಬರೆದಳು. ನನಗೆ ಒಳಗೊಳಗೇ ಖುಷಿ. ಊರ ಬಗ್ಗೆ ಹಾಸ್ಯ ಮಾಡುವ ಧೈರ್ಯ ಕಾನ್ವೆಂಟಿನಲ್ಲೂ ಬಂದಿರಲಿಲ್ಲ, ವಾಪಿಯಲ್ಲೂ ಬಂದಿರಲಿಲ್ಲ. ಆಕೆಯ ಜೊತೆ ಬಂತು.

ಆಗ ಬುಕೋಲಾ ಬಸುರಿ, ಮೊದಲ ಸಲ. ತಾಯಿ ತೀರಿಹೋಗಿ ವರ್ಷವಾಗಿತ್ತು. ಅದರ ಬಗ್ಗೆಯೂ ತಮಾಷೆಯಾಗಿಯೇ ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ ಮಾತ್ರ ಮೆಂತ್ಯಪಲ್ಲೆ ಬಿಡಿಸುತ್ತ ಕೂತಾಗ, "ಹೊಟ್ಟಿ ಮುಂದ ಬಂದೈತಿ, ಹಿಂದ ಯಾರೂ ಇಲ್ಲ," ಎಂದಳು. ಎಂದವಳೇ ಎದ್ದು ಕೈ ತೊಳೆಯಲು ಹೋದಳು. ನಳ ಬಹಳ ಹೊತ್ತು ಹರಿಯಿತು.

ನಾನು ಊರು ಬಿಡುವಾಗ ಅವ್ವ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ನನ್ನ ಉಡಿ ತುಂಬಿದ್ದಳು, ಮಡಿಲು ತುಂಬುವುದು ಎನ್ನುತ್ತಾರಲ್ಲ, ಅದು. ಸವದತ್ತಿ ಪೇಟೆಯಲ್ಲಿ ತಂದ ಎರಡು ಕುಪ್ಪಸದ ಖಣ ಇಟ್ಟು, "ಒಂದ ನಿನಗ. ಇನ್ನೊಂದ, ಅಲ್ಲಿ ಯಾರರ ನಿನ್ನವರು ಅಂತ ಸಿಕ್ಕರ ಅವರಿಗೆ," ಎಂದಿದ್ದಳು. ಆ ಎರಡನೆಯ ಖಣ, ಹಸಿರು ಮೈ ಕೆಂಪು ಅಂಚಿನದು, ನನ್ನ ಟ್ರಂಕಿನ ತಳದಲ್ಲಿತ್ತು. ಏಳನೆಯ ತಿಂಗಳಲ್ಲಿ ಒಂದು ಶುಕ್ರವಾರ ಬುಕೋಲಾಳನ್ನು ಮಣೆಯ ಮೇಲೆ ಕೂರಿಸಿದೆ. ಸೀರೆಯಿಲ್ಲ, ಸುತ್ತಿಕೊಂಡ ಬಟ್ಟೆಯ ತುದಿಯನ್ನೇ ಒಡ್ಡು ಎಂದೆ. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಖಣ. ಆಕೆ ಯಾವುದಕ್ಕೂ ನಗಲಿಲ್ಲ. ಇದೇನು, ಯಾಕೆ, ಒಂದೂ ಕೇಳಲಿಲ್ಲ. ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಎದ್ದು ಹೋಗುವಾಗ, ಒಂದು ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದಳು. ನನ್ನ ಕೈ, ಹಸಿರು ಬಳೆ, ಅಕ್ಕಿ. ಇರಲಿ, ನೆನಪಿಗೆ ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಚಹಾ ಹಿಡಿದುಕೊಂಡು ಕೂತು ಫೋನು ತೆರೆದೆ. ನನ್ನ ಕೈ ಕಂಡಿತು.

ಕೆಳಗೆ ಹೀಗಿತ್ತು: ಕೆಳಗಿನ ಮನೆಯ ಇಂಡಿಯನ್ ಮೇಡಂ ನನ್ನನ್ನು ಕೂರಿಸಿ, ಬಟ್ಟೆ ಒಡ್ಡಿಸಿ, ಅಕ್ಕಿ ಕೊಟ್ಟರು, ಕೊಬ್ಬರಿ ಕೊಟ್ಟರು, ಬಟ್ಟೆ ಕೊಟ್ಟರು. ನಾನು ಕಾಯುತ್ತಲೇ ಕೂತಿದ್ದೆ, ಯಾವ ಪಕ್ಷಕ್ಕೆ ಎಂದು ಹೇಳಲೇ ಇಲ್ಲ. ನಮ್ಮವರು ಲಾರಿಯಿಂದ ಎಸೆಯುತ್ತಾರೆ, ಇವರು ಮಣೆ ಹಾಕಿ ಕೊಡುತ್ತಾರೆ. ಇಂಡಿಯಾ ನಮಗಿಂತ ಮುಂದಿದೆ: ಅಲ್ಲಿ ಮತದಾರ ಹೊಟ್ಟೆಯಲ್ಲಿರುವಾಗಲೇ ಅವನ ಪಾಲಿನ ಅಕ್ಕಿ ತಲುಪಿಬಿಡುತ್ತದೆ.

ಜನ ಹೊರಳಾಡಿ ನಕ್ಕಿದ್ದರು. ಮೇಡಂ ನಮ್ಮ ವಾರ್ಡಿಗೆ ನಿಲ್ಲಲಿ ಎಂದು ಒಬ್ಬ. ಬಳೆಯೇ ಪಕ್ಷದ ಚಿಹ್ನೆ ಇರಲಿ ಎಂದು ಇನ್ನೊಬ್ಬ. ಅರಿಷಿಣ ಹತ್ತಿದ ನನ್ನ ಬೆರಳನ್ನು ದೊಡ್ಡದು ಮಾಡಿ, ಶಾಯಿ ಹಚ್ಚಿದ ಬೆರಳಿನ ಪಕ್ಕ ಇಟ್ಟು ಯಾರೋ ಚಿತ್ರ ಮಾಡಿದ್ದರು. ಕೆಳಗೆ ಕೆಳಗೆ ಸರಿಸುತ್ತ ಹೋದೆ. ಚಹಾ ಮೇಲೆ ಕೆನೆ ಕಟ್ಟಿತು. ಹೊರಗೆ ಹೋದರೆ ಸಂಡೆ ಅವರು ಗೇಟು ತೆಗೆಯುತ್ತ, "ಮೇಡಂ, ನನ್ನ ವೋಟು ನಿಮಗೇ," ಎಂದರು. ಪಾಪ, ಪ್ರೀತಿಯಿಂದಲೇ ಅಂದರು. ನಾನು ನಕ್ಕೆ. ಒಳಗೆ ಬಂದು ಬಳೆ ತೆಗೆದಿಟ್ಟೆ.

ಯಾರೂ ನನ್ನನ್ನು ಬೈದಿರಲಿಲ್ಲ. ಹೆಸರೂ ಇರಲಿಲ್ಲ, ಮುಖವೂ ಇರಲಿಲ್ಲ. ನಮ್ಮವರು, "ಆಕಿ ಎಲ್ಲಾರ ಮ್ಯಾಲೂ ಬರೀತಾಳ, ನಿನ್ನ ಮ್ಯಾಲೂ ಬರದಾಳ. ಅಷ್ಟ ತಗೋ," ಎಂದರು. ಅಷ್ಟೇ ತಗೊಳ್ಳಲು ಆಗಲಿಲ್ಲ. ಅವ್ವ ನನ್ನವರು ಸಿಕ್ಕರೆ ಕೊಡು ಎಂದದ್ದನ್ನು ನಾನೂ ಲಾರಿಯ ಮೇಲಿಂದ ಎಸೆದು ಬಂದ ಹಾಗೆ ಎನ್ನಿಸಿತು.

ನನಗೆ ಜಗಳ ಬರುವುದಿಲ್ಲ. ಸಿಸ್ಟರುಗಳು ಕಲಿಸಿದ ಹಾಗೆ ಬುಕೋಲಾಳಿಗೆ ಒಂದು ಪತ್ರ ಬರೆದೆ, ಫೋನಿನಲ್ಲಿಯೇ, ಡಿಯರ್ ಬುಕೋಲಾ ಎಂದು ಸುರು ಮಾಡಿ, ಪ್ರತಿ ವಾಕ್ಯಕ್ಕೂ ಪೂರ್ಣವಿರಾಮ ಇಟ್ಟು. ನಮ್ಮ ಸೀಮೆಯಲ್ಲಿ ಉಡಿ ತುಂಬಿ ಏನನ್ನೂ ಕೇಳುವವರಿಲ್ಲ ಎಂದು ಬರೆದೆ. ವೋಟು ಕೇಳಲು ಸಾವಿರ ದಾರಿ ಇವೆ, ಇದಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಒಮ್ಮೆ ತುಂಬಿದ ಉಡಿಯನ್ನು ಯಾವ ಕಾಲಕ್ಕೂ ತಿರುಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನೀನು ನಕ್ಕರೂ ಅದು ನಿನ್ನದೇ, ಎಂದು ಮುಗಿಸಿದೆ. ಆ ಕೊನೆಯ ವಾಕ್ಯ ಬರೆದಾಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಹತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ಆಕೆಯ ಚಪ್ಪಲಿಯ ಸಪ್ಪಳ. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು.

"ತಗದೇನಿ. ಪೋಸ್ಟ್ ತಗದೇನಿ. ನೋಡ್ರಿ, ನಾ ನನ್ನ ತಾಯಿ ಮಣ್ಣಿನ ದಿನಾನೂ ಹಂಗ ಬರದಾಕಿ. ನನಗ ಯಾವುದರ ಬಾಳ ಹತ್ತಿರ ಬಂತಂದ್ರ ಹೆದರಿಕಿ ಆಗತೇತಿ. ಹೆದರಿಕಿ ಆತಂದ್ರ ಜೋಕ್ ಬರತೇತಿ."

"ಇರಲಿ ಬಿಡು," ಎಂದೆ.

"ಇರಲಿ ಅನಬ್ಯಾಡ್ರಿ. ಬೈರಿ."

"ಬೈಯಲು ಏನಿದೆ," ಎಂದೆ. ಒಳಗೆ ಬಾ ಎನ್ನಲಿಲ್ಲ. ಆಕೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಹತ್ತಿಹೋದಳು.

ಸಂಜೆ ಒಂದು ಹೊಸ ಪೋಸ್ಟ್ ಬಂತು. ಅದರಲ್ಲಿ ತಮಾಷೆ ಇರಲಿಲ್ಲ. ನಾನು ತಪ್ಪು ಬರೆದಿದ್ದೆ. ಒಂದು ಊರು ಇದೆಯಂತೆ, ಅಲ್ಲಿ ಅಕ್ಕಿ ಎಂದರೆ ಬರೀ ಅಕ್ಕಿ. ಇಷ್ಟೇ. ಅದನ್ನು ಎಷ್ಟು ಸಲ ಓದಿದೆನೋ. ಗೆದ್ದೆ ಎನ್ನಿಸಿತು, ಆದರೆ ಮನಸ್ಸು ಮೊದಲಿನಂತಾಗಲಿಲ್ಲ. ಆಮೇಲೆ ಆಕೆಗೆ ಹೆಣ್ಣು ಮಗುವಾಯಿತು. ಎಂಟನೆಯ ದಿನ ಹೆಸರಿಡುವ ಸಮಾರಂಭ; ನೇರಳೆ ಬಣ್ಣದ ಅಶೊ ಎಬಿ ಬಟ್ಟೆಯನ್ನು ನನಗೂ ಕಳಿಸಿದ್ದಳು. ನಾನು ಹೊಲಿಸಲಿಲ್ಲ. ತಲೆನೋವೆಂದು ಹೇಳಿ ಮನೆಯಲ್ಲೇ ಇದ್ದೆ. ನಮ್ಮವರೊಬ್ಬರೇ ಹೋಗಿ ಬಂದರು. ಮೇಲಿನ ಮನೆಯ ಹಾಡು, ಚಪ್ಪಾಳೆ ಎಲ್ಲ ನನ್ನ ಅಡುಗೆಮನೆಯ ಛತ್ತಿನ ಮೇಲೇ ನಡೆಯಿತು.

ಬೇಸಿಗೆಯಲ್ಲಿ ಒಂದು ತಿಂಗಳು ಊರಿಗೆ ಬಂದೆ. ಬೈಲಹೊಂಗಲದಲ್ಲಿ ಅಣ್ಣ, ಅಣ್ಣನ ಹೆಂಡತಿ ವೈನಿ, ಅವರ ಜೊತೆ ಅವ್ವ. ಊರಲ್ಲೂ ಆಗ ಚುನಾವಣೆ. ಬಸ್ ಸ್ಟ್ಯಾಂಡಿನಿಂದ ಮನೆಯ ತನಕ ರಿಕ್ಷಾದಲ್ಲಿ ಧ್ವನಿವರ್ಧಕ ಕೇಳುತ್ತ ಬಂದೆ, ಲಾಗೋಸಿನಿಂದ ಹೊರಟೇ ಇಲ್ಲವೇನೋ ಎನ್ನುವ ಹಾಗೆ. ಬುಕೋಲಾ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಮನಸ್ಸು ತಾನೇ ಕೇಳಿಕೊಂಡಿತು. ಅದನ್ನು ಸುಮ್ಮನಿರಿಸಿದೆ.

ಬಂದ ನಾಲ್ಕನೆಯ ದಿನ ವೈನಿ, "ನಂದಾ, ನಾಳೆ ಉಡಿ ತುಂಬೂ ಕಾರ್ಯಕ್ರಮ ಐತಿ. ನಮ್ಮ ಸಂಘದವರೆಲ್ಲಾ ಹೊಂಟೇವಿ. ನೀನೂ ಬಾ. ಅಷ್ಟ ದೂರಿಂದ ಬಂದಾಕಿ, ತುಂಬಿಸಿಕೊಂಡ ಹೋಗು," ಎಂದಳು.

ಮಠದಲ್ಲಿ ಸಾಮೂಹಿಕವಾಗಿ ಉಡಿ ತುಂಬುವುದುಂಟು, ಚಿಕ್ಕವಳಿದ್ದಾಗ ಅವ್ವನ ಜೊತೆ ಮುರಗೋಡದಲ್ಲಿ ನೋಡಿದ್ದೆ. ಅಂಥದ್ದೇ ಎಂದುಕೊಂಡೆ. ಹಸಿರು ಬಳೆ ತೆಗೆದಿಟ್ಟಿದ್ದೆನಲ್ಲ, ಮತ್ತೆ ಹಾಕಿಕೊಂಡೆ. ಇಳಕಲ್ ಸೀರೆ ಉಟ್ಟುಕೊಂಡೆ.

ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯ. ಒಳಗೆ ಹೋದ ಕೂಡಲೇ ವೇದಿಕೆಯ ಹಿಂದೆ ಗೋಡೆಯಗಲದ ಒಂದು ಮುಖ ಕಂಡಿತು, ಪೇಟ ಸುತ್ತಿಕೊಂಡು ಕೈ ಮುಗಿದು ನಗುವ ಮುಖ. ಯಾರ ಮುಖವೆಂದು ಬರೆಯುವುದಿಲ್ಲ. ಬೇರೆ ಪಕ್ಷದವರದು ಮುಂದಿನ ವಾರ ಅದೇ ಕಾರ್ಯಾಲಯದಲ್ಲಿ ಇತ್ತಂತೆ. ಮೂಲೆಯಲ್ಲಿ ಅಕ್ಕಿ, ಖಣ ಹಾಕಿ ಕಟ್ಟಿದ ಚೀಲಗಳ ರಾಶಿ. ಚೀಲದ ಮೇಲೂ ಅದೇ ಮುಖ. ಹಲ್ಲು ಬೆಳ್ಳಗೇ ಬಂದಿತ್ತು.

"ವೈನಿ, ಇದು ಎಲೆಕ್ಷನ್ನಿಂದು?" ಎಂದೆ.

"ಮತ್ತ? ಈಗ ಎಲ್ಲಾರೂ ಮಾಡ್ತಾರವಾ. ನೀ ಯಾವ ಕಾಲದಾಗ ಅದಿ? ಹೋದ ಸಲದ ಫೋಟೋ ನಿನಗ ಕಳಿಸಿದ್ದೆನಲ್ಲ."

ಕಳಿಸಿದ್ದಳು. ಒಂದೇ ಬಣ್ಣದ ಖಣ ಹಿಡಿದು ಸಾಲಾಗಿ ನಿಂತ ಹೆಂಗಸರ ಫೋಟೋ, ವಾಪಿಯಲ್ಲಿದ್ದಾಗ. ಎಷ್ಟು ಚಂದ ಎಂದು ನಾನು ಹೂವಿನ ಚಿತ್ರ ಕಳಿಸಿದ್ದೆ. ಹಿಂದೆ ಗೋಡೆಯ ಮೇಲೆ ಏನಿದೆ ಎಂದು ನೋಡಿರಲಿಲ್ಲ. ನೋಡಬೇಕು ಎನ್ನಿಸಿರಲಿಲ್ಲ ಎನ್ನುವುದು ಹೆಚ್ಚು ನಿಜ.

ಎದ್ದು ಬರಬಹುದಿತ್ತು. ಆದರೆ ಉಡಿ ತುಂಬಲು ಕರೆದಾಗ ಒಲ್ಲೆ ಎಂದು ಏಳುವುದು ನಮ್ಮ ಮೈಗೆ ಬರುವುದಿಲ್ಲ. ಸಾಲು ಸರಿಯಿತು. ನಾನೂ ಸೆರಗು ಒಡ್ಡಿದೆ. ವೇದಿಕೆಯ ಮೇಲಿದ್ದ ಹೆಂಗಸೊಬ್ಬರು ಕುಂಕುಮ ಹಚ್ಚಿ, ಕ್ಯಾಮೆರಾದ ಕಡೆ ನೋಡುತ್ತ ಒಂದು ಕೊಬ್ಬರಿ ಬಟ್ಟಲು ಇಟ್ಟರು. ಪಕ್ಕದಾಕೆ ಅದರ ಮೇಲೆ ಚೀಲ ಇಟ್ಟಳು. ಹಿಡಿ ಅಕ್ಕಿ ಇಲ್ಲ, ಎಣಿಕೆಯಿಲ್ಲ, ಒಂದೇ ಸಲಕ್ಕೆ ಭಾರ. "ಮುಂದ ನಡೀರಿ, ಮುಂದ ನಡೀರಿ."

ಕೆಳಗೆ ಇಳಿದ ಕಡೆ ಪಟ್ಟಿ ಹಿಡಿದುಕೊಂಡು ಒಬ್ಬ ಹುಡುಗಿ ಕೂತಿದ್ದಳು, ಕಾಲೇಜಿಗೆ ಹೋಗುವ ವಯಸ್ಸು. "ಹೆಸರ ಹೇಳ್ರಿ ಅಕ್ಕಾರ."

ಹೇಳಿದೆ. ಆಕೆ ಪೆನ್ನಿನ ತುದಿಯಿಂದ ಹುಡುಕಿದಳು, ಹಾಳೆ ತಿರುವಿದಳು. "ನಿಮ್ಮ ಹೆಸರು ಇಲ್ಲರೀ."

"ನಂದು ಇಲ್ಲಿ ವೋಟಿಲ್ಲ. ನಾ ನೈಜೀರಿಯಾದಾಗ ಇರತೇನಿ."

"ಅಲ್ಲಿ ಐತೇನ್ರಿ?"

"ಅಲ್ಲೆಲ್ಲಿಂದ ಬರತೇತಿ?"

ಆಕೆ ನನ್ನನ್ನು ನೋಡಿದಳು, ನನ್ನ ಸೆರಗಿನಲ್ಲಿದ್ದುದನ್ನು ನೋಡಿದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಎಣಿಸಿ ಕೊಟ್ಟಾರ, ಪಟ್ಟಿ ಪ್ರಕಾರ. ಹಿಂದಿನವರಿಗೆ ಕಮ್ಮಿ ಬೀಳತಾವು." ಎಂದು ಎದ್ದು, ಮೆತ್ತಗೆ, ಮಲಗಿದ ಮಗುವನ್ನು ಎತ್ತುವ ಹಾಗೆ ಎರಡೂ ಕೈ ಹಾಕಿ, ನನ್ನ ಉಡಿಯಿಂದ ಆ ಚೀಲವನ್ನು ತೆಗೆದುಕೊಂಡಳು.

ಸೆರಗು ಹಾಗೇ ಒಡ್ಡಿಕೊಂಡು ನಿಂತಿದ್ದೆ. ಕೊಬ್ಬರಿ ಬಟ್ಟಲು ಮಾತ್ರ ಒಂದು ಮೂಲೆಯಲ್ಲಿ ಉಳಿದಿತ್ತು. ವೈನಿಯ ಕಡೆ ನೋಡಿದೆ. ಆಕೆ ತನ್ನ ಚೀಲದ ಗಂಟು ಬಿಗಿ ಮಾಡುತ್ತಿದ್ದಳು, ಬಿಗಿಯಾಗಿದ್ದ ಗಂಟನ್ನೇ.

ಹೊರಗೆ ಬಂದ ಮೇಲೆ, "ಇರ್ಲಿ ಬಿಡ ನಂದಾ, ಮನ್ಯಾಗ ನಾನ ತುಂಬತೇನಿ," ಎಂದಳು.

"ವೋಟಿಲ್ಲ ಅಂತ ನಿನಗ ಗೊತ್ತಿತ್ತಲ್ಲ, ವೈನಿ."

"ನನ್ನ ಕಡಿಂದ ಹತ್ತ ಮಂದಿ ಕರಕೊಂಡ ಬರತೇನಿ ಅಂದಿದ್ದೆ. ಒಂಬತ್ತ ಆಗಿದ್ರು."

ಮುಚ್ಚಿಡಲಿಲ್ಲ, ಅದೊಂದು ಒಳ್ಳೆಯದು. ರಿಕ್ಷಾದಲ್ಲಿ ನಾವಿಬ್ಬರೂ ಒಬ್ಬರ ಮೊಳಕೈ ಒಬ್ಬರಿಗೆ ತಾಗದಂತೆ ಕೂತು ಮನೆಗೆ ಬಂದೆವು. ಬುಕೋಲಾ ಮಾಡಿದ್ದನ್ನು ಮೋಸ ಎಂದುಕೊಂಡಿದ್ದೆ. ಆಕೆ ನನ್ನ ಅಕ್ಕಿಯ ಬಗ್ಗೆ ನಕ್ಕಿದ್ದಳು, ಆದರೆ ಒಂದು ಕಾಳನ್ನೂ ತಿರುಗಿ ಕೊಟ್ಟಿರಲಿಲ್ಲ. ಇಲ್ಲಿ ಯಾರೂ ನಗಲಿಲ್ಲ. ಅಕ್ಕಾರ ಎಂದು ಕರೆದೇ ತೆಗೆದುಕೊಂಡರು.

ಅವ್ವ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಡೆದದ್ದು ಹೇಳಿದೆ. ಆಕೆ ನನಗೆ ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ.

"ಅಂಥವರ ಕೈಲೆ ಯಾಕ ಇಸ್ಕೋಳಾಕ ಹೋದೆವ್ವಾ? ನಮ್ಮ ಮನ್ಯಾಗ ಅಕ್ಕಿ ಇದ್ದಿಲ್ಲೇನ?" ಎಂದಳು. ಸಿಪ್ಪೆ ಊದಿದಳು. ಇನ್ನೊಂದು ಹಿಡಿ ಶೇಂಗಾ ತೆಗೆದುಕೊಳ್ಳುತ್ತ, "ಆ ಎರಡನೇ ಖಣಾ ಯಾರಿಗರ ಕೊಟ್ಯಾ ಇಲ್ಲಾ?" ಎಂದು ಕೇಳಿದಳು.

"ಕೊಟ್ಟೆ."

"ಚಲೋ ಆತು," ಎಂದಳು.

ಹೊರಡುವ ದಿನ ಅವ್ವ ಉಡಿ ತುಂಬಿದ ಮೇಲೆ ವೈನಿಯೂ ಮೊರ ಹಿಡಿದು ಬಂದಳು, ನನ್ನ ಮುಖ ನೋಡಲಾರದೆ. ನಾನು ಸೆರಗು ಒಡ್ಡಿದೆ. ಕ್ಷಮಿಸಿದೆ ಎಂದು ಹೇಳಲಾರೆ. ಒಲ್ಲೆ ಎನ್ನಲು ಈಗಲೂ ಬರಲಿಲ್ಲ.

ಲಾಗೋಸಿಗೆ ಮರಳಿದ ಮೇಲೆ ಎರಡು ದಿನ ಮೆಟ್ಟಿಲು ನೋಡುತ್ತ ಕಳೆದೆ. ಊರಲ್ಲಿ ನಡೆದದ್ದನ್ನು ಬುಕೋಲಾಳಿಗೆ ಹೇಳದಿದ್ದರೂ ನಡೆಯುತ್ತಿತ್ತು. ಒಂದು ಊರು ಇದೆಯಂತೆ ಎಂದು ಆಕೆ ಬರೆದ ಸಾಲು ಹಾಗೇ ಉಳಿಯುತ್ತಿತ್ತು, ನನ್ನ ಊರು ಆ ಸಾಲಿನಲ್ಲಾದರೂ ಚೊಕ್ಕಟವಾಗಿ ಇರುತ್ತಿತ್ತು. ಹೇಳಿದರೆ ಆಕೆಗೆ ಇದಕ್ಕಿಂತ ಒಳ್ಳೆಯ ಪೋಸ್ಟ್ ಸಿಗುವುದಿಲ್ಲ. ಆದರೆ ನನ್ನ ಪತ್ರದ ಒಂದು ಸುಳ್ಳಿಗಾಗಿ ಆಕೆ ಅಷ್ಟು ಜನರ ಮುಂದೆ ತಪ್ಪು ಒಪ್ಪಿಕೊಂಡಿದ್ದಳು. ಗೊತ್ತಿಲ್ಲದೆ ಹೇಳಿದರೂ ಸುಳ್ಳೇ. ಆ ತಪ್ಪು ಆಕೆಯದಲ್ಲ ಎಂದು ಹೇಳಬೇಕಾದವಳು ನಾನೊಬ್ಬಳೇ ಇದ್ದೆ.

ಮೂರನೆಯ ದಿನ ಮೇಲೆ ಹೋದೆ. ಬುಕೋಲಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಇಲ್ಲಿಯವರ ಪದ್ಧತಿಯಂತೆ, ಉತ್ತರಪತ್ರಿಕೆ ತಿದ್ದುತ್ತಿದ್ದಳು. ಮಗುವಿನ ತಲೆಯ ಮೇಲೆ ಪುಟ್ಟ ಕುಲಾಯಿ, ಹಸಿರು ಮೈ ಕೆಂಪು ಅಂಚು. ಅವ್ವನ ಖಣ. ಕೂಸಿಗೆ ಖಣದ ಕುಲಾಯಿ ಹೊಲಿಸುವುದು ನಮ್ಮ ಕಡೆಯ ರೂಢಿ. ಅದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೂತು, ಎಲ್ಲವನ್ನೂ ಹೇಳಿದೆ. ಮುಖದ ಚೀಲ, ಪಟ್ಟಿಯ ಹುಡುಗಿ, ಒಂಬತ್ತು ಜನ ಮತ್ತು ನಾನು. ಆಕೆ ನಗುತ್ತಾಳೆಂದು ಕಾಯ್ದೆ. ನಗಲಿಲ್ಲ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು.

"ಕೊಬ್ಬರೀನೂ ತಗೊಂಡ್ರು?" ಎಂದು ಕೇಳಿದಳು.

"ಇಲ್ಲ. ಕೊಬ್ಬರಿ ಬಿಟ್ಟರು."

"ಅಂದ್ರ ಡಿಪಾಜಿಟ್ ಉಳೀತು."

ಮೊದಲು ನಕ್ಕವಳು ನಾನೇ. ಆಮೇಲೆ ಆಕೆ. ಮಗು ಬೆನ್ನ ಮೇಲೆ ಅಲುಗಿ ಎಚ್ಚರವಾಯಿತು. ನಗುತ್ತ ನಗುತ್ತ ನನಗೆ ಅಳು ಬಂತು. ಆಕೆ ಅದನ್ನು ನೋಡಿ, ನೋಡದ ಹಾಗೆ ಎದ್ದು ಹೋಗಿ ನೀರು ತಂದಿಟ್ಟಳು.

"ಬರೀಲೇನ್ರಿ?" ಎಂದಳು. ಈ ಸಲ ಕೇಳಿದಳು.

ಯೋಚಿಸಿದೆ. "ಬರಿ," ಎಂದೆ. "ನನ್ನ ಕೈ ಹಾಕಬಹುದು, ಬಳೆಯನ್ನೂ ಹಾಕು. ಊರಿನ ಹೆಸರು ಮಾತ್ರ ಹಾಕಬೇಡ."

ಆಕೆ ಹಾಕಲಿಲ್ಲ. ಭಾರತದ ಒಂದು ಊರು ಎಂದಷ್ಟೇ ಬರೆದಳು. ಜನ ಈ ಸಲವೂ ನಕ್ಕರು. ನಮ್ಮ ಕಡೆಯವರು ಎಸೆದದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ, ಅಷ್ಟರ ಮಟ್ಟಿಗೆ ನಾವು ಮುಂದೆ ಎಂದು ಒಬ್ಬರು ಬರೆದಿದ್ದರು. ನಾನು ಚಹಾ ಕುಡಿಯುತ್ತ ಓದಿದೆ. ನೇರಳೆ ಬಟ್ಟೆಯನ್ನು ದರ್ಜಿಗೆ ಕೊಟ್ಟಿದ್ದೇನೆ. ಸಮಾರಂಭ ಮುಗಿದು ತಿಂಗಳುಗಳಾದ ಮೇಲೆ ಇದನ್ನು ಎಲ್ಲಿ ಉಡುತ್ತೀರಿ ಎಂದು ಅವರು ಕೇಳಿದರು. ಮನೆಯಲ್ಲೇ ಎಂದೆ.

ಕಪಾಟಿನ ತಳಕ್ಕೆ ಹಾಸಿದ ಆ ನೀಲಿ ಟೊಪ್ಪಿಗೆಯವರು ಈಗ ಗೆದ್ದಿದ್ದಾರಂತೆ. ಅವರಿಗೂ ನನ್ನ ವೋಟಿಲ್ಲ, ಊರಲ್ಲಿ ಕೈ ಮುಗಿದು ನಗುತ್ತಿದ್ದವರಿಗೂ ನನ್ನ ವೋಟಿಲ್ಲ. ಹೊರಡುವಾಗ ಅವ್ವ ಮತ್ತೆ ಎರಡು ಖಣ ಇಟ್ಟಿದ್ದಾಳೆ, ಈ ಸಲ ಯಾರಿಗೆ ಎಂದು ಹೇಳಿಲ್ಲ. ಬುಕೋಲಾಳಿಗೆ ಊರ ಹೆಸರು ಹಾಕಬೇಡ ಎಂದವಳು ಇಲ್ಲಿ ನಾನೇ ಬರೆದಿದ್ದೇನೆ, ಬೈಲಹೊಂಗಲ ಎಂದು, ಎರಡು ಮೂರು ಸಲ. ಆಕೆಯ ಓದುಗರಿಗೆ ಗೊತ್ತಾದರೆ ನನಗೆ ನಾಚಿಕೆ. ಕನ್ನಡದಲ್ಲಿ ಓದುವ ನಿಮಗೆ ಗೊತ್ತಾಗದಿದ್ದರೆ ಇನ್ನು ಯಾರಿಗೆ ಹೇಳಲಿ?